ಉಳಿಸಲಾಗಿದೆ

ಅಕ್ಕನ ಕಂಪ್ಯೂಟರಿನಲ್ಲಿ ಅಮ್ಮನ ದನಿಯ ಫೈಲನ್ನು ಅವನು ಮೂರನೆಯ ಸಲ ತೆರೆದ. ಹೆಸರಿತ್ತು, ಒಳಗೆ ಏನು ಮಣ್ಣೂ ಇರಲಿಲ್ಲ.

"ಉಳಿಸಲಾಗಿದೆ ಅಂತ ಬಂತು ಕಣೋ. ಅದನ್ನ ನೋಡ್ಕೊಂಡೇ ಪ್ಲಗ್ ಕಿತ್ತೆ, ಆಸ್ಪತ್ರೆಗೆ ಹೊತ್ತಾಗಿತ್ತು," ಎಂದಳು ಅಕ್ಕ. ಗಂಟಲ ಆಪರೇಷನ್ನಿಗೆ ಹೊರಡುವ ಮುಂಚೆ ಅಮ್ಮ ಒಂದು ಗಂಟೆ ಮಾತಾಡಿ ರೆಕಾರ್ಡ್ ಮಾಡಿಸಿದ್ದಳು. ಇನ್ನು ಮಾತು ಬರುವುದಿಲ್ಲವೆಂದು ಡಾಕ್ಟರು ಮೊದಲೇ ಹೇಳಿದ್ದರು.

ಆ ಕಂಪ್ಯೂಟರಿಗೆ ಕರ್ನಲ್, ಅಂದರೆ ಇಡೀ ಯಂತ್ರವನ್ನು ನಡೆಸುವ ಮೂಲ ಪ್ರೋಗ್ರಾಮು, ಹಾಕಿಕೊಟ್ಟವನು ಅವನೇ. ಅದನ್ನು ಬರೆಯುವುದೇ ಅವನ ಕೆಲಸ. ಫೈಲು ಡಿಸ್ಕಿಗೆ ಇಳಿಯುವವರೆಗೆ ಕಾಯಬೇಕಾದ ಕಡೆ, ಎಲ್ಲ ಇನ್ನೂ ಕರೆಂಟು ಹೋದರೆ ಅಳಿಸಿಹೋಗುವ ಮೆಮೊರಿಯಲ್ಲೇ ಇರುವಾಗ 'ಬರೆದಾಯಿತು' ಎಂದುಬಿಡುವಂತೆ ಅದರಲ್ಲೊಂದು ಸಾಲು ತಿದ್ದಿದ್ದ. ವೇಗದ ಪರೀಕ್ಷೆಯಲ್ಲಿ ಎಲ್ಲರನ್ನೂ ಹಿಂದೆ ಹಾಕಿತ್ತು ಆ ಸಾಲು. ಆಫೀಸಿನವರೆಲ್ಲ ಅವನ ಬೆನ್ನು ತಟ್ಟಿದ್ದರು.

"ನನ್ನ ಕೈ ಸೇದಿಹೋಗ! ಇನ್ನೊಂಚೂರು ಕಾದಿದ್ರೆ ಉಳೀತಿತ್ತೇನೋ?"

ಅವನು ಪರದೆಯಿಂದ ಕಣ್ಣು ಕೀಳಲಿಲ್ಲ. "ಹೂಂ. ಕಾಯ್ಬೇಕಿತ್ತು ಅಕ್ಕ," ಎಂದ.

ಅಕ್ಕ ತಲೆಯಾಡಿಸಿದಳು. ಪ್ಲಗ್ ಕಿತ್ತ ಕೈಯನ್ನು ಯಾರಿಗೂ ಕಾಣಬಾರದೆಂಬಂತೆ ಇನ್ನೊಂದು ಕೈಯಿಂದ ಮುಚ್ಚಿಕೊಂಡಳು.