ರಾಯರ ಸಹಿ

ಪತ್ರಾಗಾರದ ಇಂದ್ರಾಣಿಗೆ ರಾಯರ ಸಹಿಯೆಂದರೆ ತನ್ನ ಅಂಗೈಯಷ್ಟೇ ಪರಿಚಿತ. ನೂರು ವರ್ಷದ ಹಿಂದೆ ಪ್ರಜಾಪ್ರತಿನಿಧಿ ಸಭೆಯಲ್ಲಿ ಗುಡುಗುತ್ತಿದ್ದ ಆ ರಾಯರ ಎರಡು ಸಾವಿರ ಪತ್ರಗಳನ್ನು ಧೂಳು ಕೊಡವಿ ಜೋಡಿಸಿಟ್ಟವಳು ಅವಳೇ. ಹೊಸ ಕಾಗದ ಬಂದರೆ ಮೊದಲು ಸಹಿ ನೋಡಬೇಕು, ಅದು ಸರಿಯಿದ್ದರೆ ಮಾತ್ರ ಓದಬೇಕು. ಇದು ಅವಳ ಪದ್ಧತಿ.

ಅಂದು ರಾಯರ ಗುಮಾಸ್ತನ ಮೊಮ್ಮಗ, ಎಂಬತ್ತು ದಾಟಿದ ಹಿರಿಯರು, ಒಂದು ಹಳೆಯ ಪತ್ರ ಹಿಡಿದು ಬಂದಿದ್ದರು. ಇಂದ್ರಾಣಿ ನೇರವಾಗಿ ಸಹಿಯ ಮೇಲೆ ಭೂತಗನ್ನಡಿ ಹಿಡಿದಳು. ಹಿಡಿದವಳೇ ನಕ್ಕುಬಿಟ್ಟಳು.

"ತಾತ, ಯಾರೋ ನಿಮಗೆ ಟೋಪಿ ಹಾಕಿದ್ದಾರೆ. ಇದು ರಾಯರ ಸಹಿ ಅಲ್ಲವೇ ಅಲ್ಲ. ಕಾಗೆ ಕಾಲು, ಗುಬ್ಬಿ ಕಾಲು!"

"ನಮ್ಮಜ್ಜನ ಪೆಟ್ಟಿಗೇಲೇ ಇತ್ತಮ್ಮ."

"ಇರಬಹುದು. ಅಸಲಿ ಹೇಗಿದೆ ನೋಡಿ." ಅವಳು ಫೈಲು ತೆರೆದಳು. "ಮುತ್ತು ಪೋಣಿಸಿದ ಹಾಗಿಲ್ವಾ?"

ಹಿರಿಯರು ಕನ್ನಡಕ ಏರಿಸಿ ನೋಡಿದರು. ಮುಖ ಅರಳಿತು.

"ಆಹಾ! ಎಲ್ಲದರಲ್ಲೂ ಹೀಗೇನಾ?"

"ಎರಡು ಸಾವಿರದಲ್ಲೂ ಹೀಗೇ. ಅದಕ್ಕೇ ನಿಮ್ಮದನ್ನ ತಗೊಳ್ಳೋಕಾಗಲ್ಲ."

"ಬೇಡ ಬಿಡು ತಾಯಿ. ಒಂದ್ಸಲ ಓದಾದ್ರೂ ಓದು."

ಓದಿದರೆ ತನ್ನ ಗಂಟೇನು ಹೋಗುತ್ತದೆ ಎಂದುಕೊಂಡು ಇಂದ್ರಾಣಿ ಗಟ್ಟಿಯಾಗಿಯೇ ಓದಿದಳು:

"ಗುಮಾಸ್ತನಿಗೆ ಆಶೀರ್ವಾದಗಳು. ನಾಳೆ ಸಭೆಯ ಸದಸ್ಯನಾಗುತ್ತಿದ್ದೇನೆ. ನನ್ನ ಸಹಿ ಕಂಡರೆ ಜನ ನಗುತ್ತಾರೆ. ಇನ್ನು ಮುಂದೆ ನನ್ನ ಕಾಗದಗಳಿಗೆಲ್ಲ ನೀನೇ ಸಹಿ ಹಾಕಿಬಿಡು."