ಬೇಲಿಯಾಚೆ ಎರಡನೇ ಮನೆ

ನನಗಿರುವುದು ಎರಡೇ ಧ್ವನಿ ಎಂದು ಅವಳು ವಾಶ್‌ರೂಮಿನ ಕನ್ನಡಿಯೆದುರು ತನಗೆ ತಾನೇ ಒಪ್ಪಿಕೊಂಡಳು. ಒಂದು ಆಫೀಸಿನದು, ಪಕ್ಕದ ಕುರ್ಚಿಗೂ ಕೇಳಿಸದು. ಇನ್ನೊಂದು ಮನೆಯದು, ಬೀದಿ ಕೊನೆಗೂ ಕೇಳಿಸುತ್ತದೆ. ಇವತ್ತಿನ ಮೀಟಿಂಗಿನಲ್ಲಿ ಬಾಯಿ ಬಿಟ್ಟರೆ ಯಾವುದು ಹೊರಬೀಳುತ್ತದೋ? ಮುಖಕ್ಕೆ ಇನ್ನಷ್ಟು ನೀರು ಚಿಮುಕಿಸಿಕೊಂಡು, ಲ್ಯಾಪ್‌ಟಾಪನ್ನು ಎದೆಗೆ ಅವಚಿಕೊಂಡು ಮೆಟ್ಟಿಲು ಹತ್ತಿದಳು.

ಹೆದರಿಕೆಗಿಂತ ಸಂಭ್ರಮವೇ ಹೆಚ್ಚಾಗಿತ್ತು. ಬಾಟಲಿ ಮುಚ್ಚಳ ಮಾಡುವ ಅವರ ಕಂಪನಿಗೆ ನಾಲ್ಕು ದೇಶಗಳಲ್ಲಿ ಕಾರ್ಖಾನೆ, ಒಂದೊಂದು ಕಡೆ ಒಂದೊಂದು ಸಾಮಾಜಿಕ ಹೊಣೆಗಾರಿಕೆ ನೀತಿ. ಅವನ್ನು ಹೋಲಿಸಿ, ಎಲ್ಲ ಕಡೆಗೂ ಒಂದೇ ನೀತಿ ಆರಿಸಲು ಹೆಡ್ಡಾಫೀಸಿನ ಡೈರೆಕ್ಟರಮ್ಮ ಬಂದಿದ್ದರು. ಹೋಲಿಸುವ ಕೆಲಸ ಇವಳ ಪಾಲಿಗೆ ಬಂದಿತ್ತು, ಮಾತಾಡದವಳು ಓದುವುದನ್ನಾದರೂ ಮಾಡಲಿ ಎಂದು. ಓದುತ್ತ ಓದುತ್ತ ಅವಳಿಗೆ ಊಟದ ಹೊತ್ತೇ ಮರೆತುಹೋಗಿತ್ತು. ತಮ್ಮ ದೇಶದಲ್ಲಿ ಲಾಭದ ಇಂತಿಷ್ಟು ಪಾಲು ಸಮಾಜಕ್ಕೆ ಕೊಡಲೇಬೇಕು. ಇನ್ನೊಂದರಲ್ಲಿ ಕೊಡು ಇಲ್ಲವೇ ಬಿಡು, ಏನು ಮಾಡಿದೆಯೆಂದು ಮಾತ್ರ ಜಗತ್ತಿಗೆ ಹೇಳು. ಮೂರನೆಯದರಲ್ಲಿ ಎಲ್ಲವೂ ನಿನ್ನ ಮನಸ್ಸಿಗೆ ಬಿಟ್ಟದ್ದು. ನಾಲ್ಕನೆಯದು ಪುಟ್ಟ ದೇಶ. ಅಲ್ಲಿನ ಕಾರ್ಖಾನೆಯ ನೀತಿಯಲ್ಲಿ ದಾನಧರ್ಮದ ಮಾತಿಗೂ ಮೊದಲು ಒಂದು ಸಾಲಿತ್ತು: ‘ಕಾರ್ಖಾನೆಯ ಮುಖ್ಯಸ್ಥರು ವರ್ಷಕ್ಕೆ ಒಂದು ರಾತ್ರಿ ಬೇಲಿಯಾಚೆಯ ಯಾರದಾದರೂ ಮನೆಯಲ್ಲಿ ಮಲಗತಕ್ಕದ್ದು.’ ಅದನ್ನು ಓದಿ ಅವಳು ಕುರ್ಚಿಯಿಂದ ಎದ್ದೇ ನಿಂತಿದ್ದಳು.

“ಏನಮ್ಮಾ ಇದು, ಮ್ಯೂಟಮ್ಮ?” ಎಂದು ಇಲ್ಲಿನ ಕಾರ್ಖಾನೆಯ ಮುಖ್ಯಸ್ಥರಾದ ಮ್ಯಾನೇಜರು ಮೀಟಿಂಗಿಗೆ ಮುಂಚೆಯೇ ಗದರಿದರು. ವಿಡಿಯೋ ಕಾಲಿನಲ್ಲಿ ಒಮ್ಮೆಯೂ ಮೈಕು ತೆರೆಯದವಳಿಗೆ ಅವರೇ ಇಟ್ಟ ಹೆಸರು ಅದು. “ಮಲಗೋದೂ ಒಂದು ಪಾಲಿಸಿನಾ? ತೆಗೆದುಹಾಕು. ಪಟ್ಟಿಯಲ್ಲಿ ನಮ್ಮ ಕಾಲಂ ನೋಡು, ರೈಲಿನಷ್ಟು ಉದ್ದ ಇದೆ! ಬೆಂಚು, ಸಸಿ, ವಾಚನಾಲಯ... ಈ ಸಲ ನಾವೇ ಗೆಲ್ಲೋದು.”

ಅವಳು ತಲೆಯಾಡಿಸಿದಳು. ಆ ವಾಚನಾಲಯ ಇದ್ದದ್ದು ಕಾರ್ಖಾನೆಯ ಬೇಲಿಗೆ ಹೊಂದಿಕೊಂಡ ಅವಳ ಬೀದಿಯಲ್ಲೇ, ಅದನ್ನು ಆಫೀಸಿನಲ್ಲಿ ಯಾರಿಗೂ ಹೇಳಿರಲಿಲ್ಲ. ಕಾರ್ಖಾನೆಯ ಪ್ರೆಸ್ ಮಷೀನುಗಳು ಇಡೀ ರಾತ್ರಿ ಧಡ್ ಧಡ್ ಎಂದು ಮುಚ್ಚಳ ಒತ್ತುತ್ತಿದ್ದವು. ಊಟಕ್ಕೆ ಕೂತರೆ ಅಮ್ಮ “ಉಪ್ಪು ಕೊಡೇ!” ಎಂದು ಅರಚಬೇಕು. ಅಕ್ಕನ ಕೂಸಂತೂ ಮಷೀನು ನಿಂತರೇ ಬೆಚ್ಚಿ ಏಳುತ್ತಿತ್ತು. ವಾಚನಾಲಯಕ್ಕೆ ಜನ ಹೋಗುತ್ತಿದ್ದದ್ದು ಫ್ಯಾನಿನ ಗಾಳಿಗೆ. ಇವಳು ಡಿಗ್ರಿ ಓದಿದ್ದು ಕಿವಿಗೆ ಹತ್ತಿ ತುರುಕಿಕೊಂಡು. ಬೀದಿಯ ಅರ್ಧ ಜನಕ್ಕೆ ಕೆಲಸ ಕೊಟ್ಟದ್ದೂ ಅದೇ ಕಾರ್ಖಾನೆ, ಈಗ ಇವಳಿಗೂ. ಹಾಗಿರುವಾಗ ಹೋಗಿ ದೂರುವವರು ಯಾರು?

ಡಿಲೀಟ್ ಕೀಲಿಯ ಮೇಲೆ ಬೆರಳಿಟ್ಟಳು. ಒತ್ತಲಿಲ್ಲ.

ಮೀಟಿಂಗಿನಲ್ಲಿ ಪರದೆಯ ಮೇಲೆ ಆ ಸಾಲು ಮೂಡಿದ್ದೇ ಡೈರೆಕ್ಟರಮ್ಮ ಕನ್ನಡಕ ಏರಿಸಿಕೊಂಡರು. “ಮಲಗ್ತಾರಾ? ನಿಜವಾಗ್ಲೂ?”

“ಪಾಪ, ಹುಡುಗಿ ತೆಗೆಯೋದು ಮರೆತುಬಿಟ್ಟಿದ್ದಾಳೆ ಮೇಡಂ. ಮುಂದಿನದಕ್ಕೆ ಹೋಗಮ್ಮಾ,” ಎಂದರು ಮ್ಯಾನೇಜರು.

“ಇರೀ ಇರೀ. ಆ ಪುಟ್ಟ ಕಾರ್ಖಾನೆಯವರು ರಾತ್ರಿ ಪಾಳಿ ನಿಲ್ಲಿಸಿ, ಮಷೀನುಗಳ ಅಡಿಗೆಲ್ಲ ರಬ್ಬರ್ ಹಾಸಿದ್ರು. ಯಾಕೆ ಅಂತ ನನಗೆ ಅರ್ಥಾನೇ ಆಗಿರಲಿಲ್ಲ. ಇದಾ ಕಾರಣ!” ಡೈರೆಕ್ಟರಮ್ಮ ಮೇಜಿನ ಮೇಲೆ ಮುಂದಕ್ಕೆ ಬಾಗಿದರು. “ಇಲ್ಲೂ ಯಾಕಾಗಬಾರದು?”

ಅವಳು ಲ್ಯಾಪ್‌ಟಾಪಿನಿಂದ ಕೈ ತೆಗೆದು ನೆಟ್ಟಗೆ ಕೂತಳು.

“ಇಲ್ಲಿ ಯಾರದೂ ಒಂದು ದೂರಿಲ್ಲ ಮೇಡಂ. ವಾಚನಾಲಯ ಕಟ್ಟಿಸಿಕೊಟ್ಟಿದ್ದೀವಿ, ಜನ ಆರಾಮಾಗಿದಾರೆ,” ಮ್ಯಾನೇಜರು ನಗುತ್ತ ಕೈ ಬೀಸಿದರು. “ಅಲ್ಲದೆ ನನ್ನನ್ನ ಯಾರು ಮಲಗಿಸ್ಕೋತಾರೆ ಹೇಳಿ? ನನ್ನ ಗೊರಕೆ ತಡೀಲಾರದೆ ಹೆಂಡತೀನೇ ಬೇರೆ ಕೋಣೆಗೆ ಹೋಗಿದಾಳೆ!”

ಡೈರೆಕ್ಟರಮ್ಮನಿಗೂ ನಗು ತಡೆಯಲಾಗಲಿಲ್ಲ. ಆ ನಗುವಿನ ನಡುವೆಯೇ ಅವಳು ಎದ್ದು ನಿಂತಳು, ಕುರ್ಚಿ ಹಿಂದಕ್ಕೆ ಸರಿದು ಗೋಡೆಗೆ ಬಡಿಯಿತು. ಬಾಯಿ ತೆರೆದಾಗ ಹೊರಬಿದ್ದದ್ದು ಮನೆಯ ಧ್ವನಿಯೇ. ಮೇಜಿನ ಮೇಲಿನ ಲೋಟಗಳು ಸಣ್ಣಗೆ ನಡುಗಿದವು.

“ನಮ್ಮ ಮನೇಲಿ ಮಲಗಿ ಸರ್! ಬೇಲಿಯಾಚೆ ಎರಡನೇ ಮನೆ! ನಿಮ್ಮ ಗೊರಕೆ ಅಲ್ಲಿ ಯಾರಿಗೂ ಕೇಳಿಸಲ್ಲ!”