ನಿಂತ ಚಿತ್ರ

“ನಿಂತುಹೋಯ್ತು, ಆರಿಸೋ! ಬೇಗ ಆರಿಸಿ ಹಾಕೋ!”

ತಾಯಿಯ ಕೂಗಿಗೆ ಟೈಲರ್ ಹೊಲಿಗೆ ಯಂತ್ರ ಬಿಟ್ಟು ಓಡಿಬಂದ. ಬಾಯಲ್ಲಿ ಕಚ್ಚಿದ್ದ ಗುಂಡುಸೂಜಿ ಹಾಗೆಯೇ ಇತ್ತು. ಮಂಚದ ಮೇಲೆ ದಿಂಬಿಗೆ ಒರಗಿಸಿದ್ದ ಫೋನಿನಲ್ಲಿ ಅಕ್ಕನ ಮುಖ. ಅರ್ಧಕ್ಕೆ ನಿಂತ ಮಾತು, ತುಟಿಯ ಮೇಲೆ ನಗೆ. ರೆಪ್ಪೆಯೂ ಅಲುಗದು. ಅವನು ಗೋಡೆಯ ಮೇಲಿದ್ದ ವೈಫೈ ಡಬ್ಬದ ಸ್ವಿಚ್ಚು ಆರಿಸಿ ಮತ್ತೆ ಹಾಕಿದ. ದೀಪಗಳು ಒಂದೊಂದಾಗಿ ಹತ್ತಿಕೊಳ್ಳುವ ಹೊತ್ತಿಗೆ ಕರೆ ಕಡಿದುಹೋಗಿತ್ತು.

“ಒಂದು ದಿನಾನಾದ್ರೂ ನೆಟ್ಟಗೆ ಮಾತಾಡೋಕೆ ಬಿಟ್ಟಿದೆಯೇನೋ ನಿನ್ನ ಈ ಡಬ್ಬ?”

ಅವನು ಬಾಯಿಂದ ಗುಂಡುಸೂಜಿ ತೆಗೆದು ಅಂಗಿಗೆ ಸಿಕ್ಕಿಸಿಕೊಂಡ. ಉತ್ತರ ಕೊಟ್ಟು ಕೊಟ್ಟು ಸಾಕಾಗಿತ್ತು.

ಸೊಂಟದ ಮೂಳೆ ಮುರಿದ ಮೇಲೆ ತಾಯಿ ಮಂಚ ಬಿಟ್ಟು ಎದ್ದಿರಲಿಲ್ಲ. ದಿನದಿನಕ್ಕೆ ನೂಲಿನಂತೆ ಸಣ್ಣಗಾಗುತ್ತಿದ್ದಳು. ಅಕ್ಕ ದೂರದ ಊರಿನ ಹಾಸ್ಟೆಲೊಂದರಲ್ಲಿ ವಾರ್ಡನ್. ಕೇಳಿದಾಗಲೆಲ್ಲ ರಜೆಯಿಲ್ಲ ಎನ್ನುತ್ತಿದ್ದಳು. ತಾಯಿ ಕಣ್ಣು ಮುಚ್ಚುವ ಮೊದಲು ಮಗಳೊಂದಿಗೆ ಒಂದು ಸಂಜೆ, ಒಂದೇ ಒಂದು ಸಂಜೆ, ತಡೆಯಿಲ್ಲದೆ ಮಾತಾಡಿಬಿಡಲಿ. ಟೈಲರಿಗೆ ಬೇಕಾಗಿದ್ದುದು ಇಷ್ಟೆ.

ಸಂಜೆ ಕರೆಗೆ ಮೊದಲು ತಾಯಿ ದೇವರ ಪಟಕ್ಕೆ ಕೈ ಜೋಡಿಸುತ್ತಿದ್ದಳು. “ಸರದಿ ತಪ್ಪಿಸಬೇಡ ತಂದೆ. ಮೊದಲು ನಾನು.” ಅದು ಕಿವಿಗೆ ಬಿದ್ದಾಗ ಅವನು ಮುಖ ಅತ್ತ ತಿರುಗಿಸಿಕೊಳ್ಳುತ್ತಿದ್ದ. ಮುದುಕಿಗೆ ಬದುಕು ಸಾಕಾಗಿದೆ ಎಂದುಕೊಳ್ಳುತ್ತಿದ್ದ.

ವೈಫೈ ಸರಿಮಾಡಲು ಬಂದು ಬಂದು, ಕೇಬಲ್‌ನವನಿಗೆ ಈ ಮನೆಯಲ್ಲಿ ಕುಡಿಯುವ ನೀರು ಎಲ್ಲಿರುತ್ತದೆಂದು ಕೇಳುವ ಅಗತ್ಯವೇ ಇರಲಿಲ್ಲ. ಬಾಗಿಲ ಸಂದಿಯಲ್ಲಿ ವೈರು ಮಡಿಚಿಕೊಂಡಿದೆ ಎಂದು ಬಿಡಿಸಿದ್ದ. ಕಬ್ಬಿಣದ ಬೀರು ಅಡ್ಡವಿದೆ ಎಂದು ಡಬ್ಬವನ್ನು ಬೇರೆ ಗೋಡೆಗೆ ಹಾಕಿದ್ದ. ಆಮೇಲೆ ಡಬ್ಬವನ್ನೇ ಬದಲಾಯಿಸಿದ. ಕೊನೆಗೆ ಕಂಬದಿಂದ ಹೊಸ ವೈರು ಎಳೆದ.

“ಸಾರ್, ಇನ್ನು ಬದಲಾಯಿಸೋಕೆ ಉಳಿದಿರೋದು ನಾನೊಬ್ಬನೇ,” ಎಂದ ಮರುದಿನ ಸಂಜೆ ಚೀಲ ಕೆಳಗಿಡುತ್ತ. “ಲೈನ್ ಚೆನ್ನಾಗಿದೆ.”

“ಬಟ್ಟೆ ಚೆನ್ನಾಗಿದೆ, ನಿಮ್ಮ ಮೈಯೇ ಸರಿಯಿಲ್ಲ ಅಂತ ನಾನು ಗಿರಾಕಿಗೆ ಹೇಳಿದ್ರೆ ಒಪ್ತಾರೇನಪ್ಪ?”

“ಬೇರೆಯವರ ಜೊತೆ ಮಾತಾಡುವಾಗಲೂ ನಿಲ್ಲುತ್ತಾ?”

ಟೈಲರ್ ಯೋಚಿಸಿದ. ಚಿಕ್ಕಮ್ಮ ತನ್ನ ಮಂಡಿನೋವಿನ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದರೂ ಒಮ್ಮೆಯೂ ನಿಂತಿರಲಿಲ್ಲ. ನಿಂತಿದ್ದರೆ ಚೆನ್ನಾಗಿರುತ್ತಿತ್ತು.

“ಹಾಗಾದ್ರೆ ತೊಂದರೆ ಅಕ್ಕೋರ ಕಡೆ.”

“ಅವಳ ಕಡೆ ಏನೂ ತೊಂದರೆಯಿಲ್ಲ!” ತಾಯಿ ಮಂಚದಿಂದಲೇ ಗದರಿದಳು. “ನಿಮ್ಮದನ್ನ ನೀವು ಸರಿಮಾಡಿ.”

ಕೇಬಲ್‌ನವನು ದನಿ ತಗ್ಗಿಸಿದ. “ಇವತ್ತು ನಿಂತಾಗ ಸ್ವಿಚ್ ಮುಟ್ಟಬೇಡಿ. ಡಬ್ಬದ ದೀಪ ಆಗಲೇ ನೋಡಬೇಕು. ನೀವು ಪ್ರತಿ ಸಲ ಆರಿಸಿಬಿಡ್ತೀರಿ. ರೋಗಿ ಎದ್ದುಹೋದ ಮೇಲೆ ನಾಡಿ ಹುಡುಕಿದ ಹಾಗಾಗಿದೆ ನನ್ನ ಕೆಲಸ.”

“ಹೊತ್ತಾಯ್ತು, ಮನೆಗೆ ಹೋಗಪ್ಪ. ನಾಳೆ ಬಾ,” ಎಂದಳು ತಾಯಿ.

“ಇರಲಿ ಬಿಡಮ್ಮ,” ಎಂದ ಟೈಲರ್. ಅಪರೂಪಕ್ಕೆ ಅವಳ ಮಾತು ಮೀರಿದ.

ಕರೆ ಬಂತು. ಅಕ್ಕ ಮಂದ ಬೆಳಕಿನಲ್ಲಿ ಕೂತಿದ್ದಳು. ದೊಡ್ಡ ದೀಪ ಹಾಕಿದರೆ ಕಣ್ಣು ಚುಚ್ಚುತ್ತದಂತೆ.

“ಏನೋ ದರ್ಜಿ, ಲೈನ್ ಕಿತ್ತುಹೋದ್ರೆ ಎರಡು ಹೊಲಿಗೆ ಹಾಕೋಕಾಗಲ್ವಾ?”

“ಮೊದಲು ನಿನ್ನ ಬಾಯಿಗೆ ಹಾಕಬೇಕು ಅಕ್ಕ.”

ಅವಳು ನಕ್ಕಳು. ತಾಯಿ ಫೋನನ್ನು ಹತ್ತಿರ ಎಳೆದುಕೊಂಡಳು. “ಊಟ ಆಯ್ತೇನೇ?”

“ಆಯ್ತಮ್ಮಾ, ಹೊಟ್ಟೆ ತುಂಬ...”

ಚಿತ್ರ ನಿಂತಿತು.

“ಆರಿಸೋ!”

ಅಭ್ಯಾಸಬಲದಿಂದ ಟೈಲರನ ಕೈ ಸ್ವಿಚ್ಚಿಗೆ ಹೋಯಿತು. ಕೇಬಲ್‌ನವನು ಮಣಿಕಟ್ಟು ಹಿಡಿದ. ಡಬ್ಬದ ಮೇಲೆ ಎಲ್ಲ ದೀಪಗಳೂ ಹಸಿರು. ಅವನು ತನ್ನ ಫೋನಿನಲ್ಲಿ ಲೈನಿನ ವೇಗ ನೋಡಿದ. “ಹರೀತಾ ಇದೆ ಸಾರ್. ಒಂದು ತೊಟ್ಟೂ ಕಡಿಮೆಯಿಲ್ಲ.”

“ಆರಿಸೋ ಅಂದ್ರೆ!” ತಾಯಿಯ ದನಿ ಒಡೆಯಿತು.

ಟೈಲರ್ ಬಗ್ಗಿ ನೋಡಿದ. ಅಕ್ಕನ ನಗೆ ಇದ್ದಲ್ಲೇ ಇತ್ತು. ಅವಳ ಬೆನ್ನ ಹಿಂದೆ ಕಿಟಕಿಯ ಪರದೆ ಗಾಳಿ ತುಂಬಿಕೊಂಡು ಮೇಲೆದ್ದಿತು, ಮೆಲ್ಲಗೆ ಕೆಳಗಿಳಿಯಿತು. ಹಣೆಯಿಂದ ಒಂದು ಬೆವರ ಹನಿ ಕೆನ್ನೆಗುಂಟ ಜಾರಿ ಗದ್ದಕ್ಕೆ ಬಂತು. ಅವಳು ಅದನ್ನು ಒರೆಸಿಕೊಳ್ಳಲಿಲ್ಲ. ನಗೆ ಅಲುಗಲಿಲ್ಲ.

ತಾಯಿ ಫೋನನ್ನು ಕೈಗೆತ್ತಿಕೊಂಡಳು. ಕಿವುಡರಿಗೆ ಹೇಳುವಂತೆ ಜೋರಾಗಿ, “ಏನೂ ಕಾಣಿಸ್ತಿಲ್ಲ ಕಣೇ, ಹಾಳು ಲೈನು! ಮಲಕ್ಕೋ ಹೋಗು. ನಾಳೆ ಮಾತಾಡೋಣ,” ಎಂದು ಕರೆ ಮುಗಿಸಿದಳು.

ಕೇಬಲ್‌ನವನು ಚೀಲ ಎತ್ತಿಕೊಂಡು ಸದ್ದಿಲ್ಲದೆ ಹೊರಗೆ ಹೋದ.

“ಅಮ್ಮಾ,” ಟೈಲರ್ ಆರಿದ ಫೋನಿನ ಕಡೆ ನೋಡಿದ. “ಅಕ್ಕನಿಗೆ...”

“ಕೆಲಸ ಬಿಟ್ಟು ಎಷ್ಟೋ ಕಾಲವಾಯ್ತಂತೆ. ಹಾಸ್ಟೆಲಿಗೆ ಫೋನ್ ಮಾಡಿ ಕೇಳಿದೆ. ಆಸ್ಪತ್ರೆ ಪಕ್ಕ ರೂಮು ಮಾಡಿದ್ದಾಳೆ. ವಾಸಿಯಾಗೋ ಕಾಯಿಲೆ ಅಲ್ಲ. ನೋವು ಬಂದಾಗ ಹೀಗೆ ಉಸಿರು ಕಟ್ಟಿ ಕೂರ್ತಾಳೆ, ನಾನು ನೋಡಬಾರದು ಅಂತ. ನಾನು ನೋಡಲಿಲ್ಲ.”

“ನನಗಾದ್ರೂ ಹೇಳಬಾರದಿತ್ತಾ?”

“ನಿನ್ನ ಮುಖದಲ್ಲಿ ಯಾವ ಗುಟ್ಟು ನಿಂತಿದೆಯೋ? ಒಂದು ಸಲ ನಿನ್ನ ಮುಖ ನೋಡಿದ್ರೆ ಸಾಕಿತ್ತು. ಕರೆ ಮಾಡೋದನ್ನೇ ನಿಲ್ಲಿಸಿಬಿಡ್ತಿದ್ದಳು.”

ಅವನು ಮಂಚದ ಕಾಲ ಬಳಿ ನೆಲದ ಮೇಲೆ ಕೂತ. ತಾಯಿ ಕೈಚಾಚಿ ಅವನ ತಲೆ ಮುಟ್ಟಿದಳು.

“ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಡು. ಅವಳ ಕಡೆಯ ಲೈನ್ ನೋಡೋಕೆ ಬಂದೆ ಅನ್ನು.”